ಕಂಪ್ಯೂಟರು ಏಳದಿದ್ದಾಗ: ಗೋಡೆಯಿಂದ ಒಳಕ್ಕೆ ಒಂದೊಂದೇ ಹೆಜ್ಜೆ

ನಮ್ಮ ಸದಸ್ಯರ ಪೈಕಿ ಅನೇಕರ ಮನೆಗಳಲ್ಲಿ ಇಂದು ಒಂದು ಕಂಪ್ಯೂಟರು ಇದೆ. ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರ ಮತ್ತು ಮೈಲುತುತ್ತದ ಖರ್ಚು, ಕ್ಯೂರಿಂಗ್ ವರ್ಕ್ಸಿಗೆ ಕಳುಹಿಸಿದ ಕಾಫಿ ಚೀಲಗಳ ಲೆಕ್ಕ, ಅಡಿಕೆ ಮಾರಾಟದ ಪಟ್ಟಿ, ಬೆಳೆಸಾಲಕ್ಕೆ ಕೊಟ್ಟ ಕಾಗದಗಳ ನಕಲು, ಹೀಗೆ ಹಿಂದೆ ಕೆಂಪು ರಟ್ಟಿನ ಪುಸ್ತಕದಲ್ಲಿ ಇರುತ್ತಿದ್ದುದೆಲ್ಲ ಈಗ ಬಹುಪಾಲು ಆ ಪೆಟ್ಟಿಗೆಯೊಳಗೆ ಸೇರಿದೆ. ಲೆಕ್ಕದ ಪುಸ್ತಕಕ್ಕೆ ಗೆದ್ದಲು ಹಿಡಿಯುವ ಭಯವಿತ್ತು, ನಿಜ. ಆದರೆ ಪುಸ್ತಕ ತೆರೆಯುವುದಿಲ್ಲ ಎಂಬ ತೊಂದರೆ ಎಂದೂ ಇರಲಿಲ್ಲ. ಕಂಪ್ಯೂಟರಿನ ಮಾತು ಹಾಗಲ್ಲ. ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಅದು ಏಳದೆ ಹೋಗಬಹುದು.

ಆಗ ಸಾಮಾನ್ಯವಾಗಿ ನಡೆಯುವುದು ಎರಡು. ಒಂದು, ಗುಂಡಿಯನ್ನು ಹತ್ತಾರು ಸಲ ಒತ್ತುವುದು, ಪೆಟ್ಟಿಗೆಯನ್ನು ತಟ್ಟುವುದು. ಇನ್ನೊಂದು, ಇಡೀ ಯಂತ್ರವನ್ನು ಜೀಪಿನಲ್ಲಿ ಹಾಕಿಕೊಂಡು ಪೇಟೆಗೆ ಹೋಗಿ, ಅಂಗಡಿಯವರು ಹೇಳಿದ್ದಕ್ಕೆಲ್ಲ ಹೂಂ ಎಂದು ಬರುವುದು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ದೋಷ ಯಾವ ಹಂತದಲ್ಲಿದೆ ಎಂದು ನಾವೇ ಮನೆಯಲ್ಲಿ ಕ್ರಮವಾಗಿ ನೋಡಿ ತಿಳಿದುಕೊಳ್ಳುವುದು ಆ ದಾರಿ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ತೋಟದಲ್ಲಿ ಗಿಡ ಹಳದಿಯಾದಾಗ ನಾವು ಬೇರು, ಕಾಂಡ, ಎಲೆ, ಬಸಿಗಾಲುವೆ ಎಂದು ಒಂದೊಂದನ್ನೇ ನೋಡುತ್ತೇವೆ. ಕಾರಣ ತಿಳಿಯದೆ ಬೋರ್ಡೋ ದ್ರಾವಣ ಸಿಂಪಡಿಸುವುದಿಲ್ಲ. ಅದೇ ಶಿಸ್ತು ಇಲ್ಲಿಯೂ ಸಾಕು.

ಈ ಪಾಠದ ಉದ್ದೇಶ ಎರಡು. ಮನೆಯಲ್ಲಿಯೇ ಸರಿಪಡಿಸಬಹುದಾದುದನ್ನು ಸರಿಪಡಿಸುವುದು ಮೊದಲನೆಯದು. ಯಂತ್ರ ಹೋದರೂ ಲೆಕ್ಕ ಹೋಗದಂತೆ ನೋಡಿಕೊಳ್ಳುವುದು ಎರಡನೆಯದು. ಇವುಗಳಲ್ಲಿ ಎರಡನೆಯದೇ ಮುಖ್ಯ.

ಏಳುವುದು ಎಂದರೇನು?

ಹೊಳೆಯ ದಡದ ಪಂಪನ್ನು ನೆನಪಿಗೆ ತಂದುಕೊಳ್ಳಿ. ಸ್ವಿಚ್ಚು ಹಾಕಿದೊಡನೆ ಮೋಟಾರು ತಿರುಗಿತು ಎಂದ ಮಾತ್ರಕ್ಕೆ ಜೆಟ್ಟಿನಲ್ಲಿ ನೀರು ಚಿಮ್ಮುವುದಿಲ್ಲ. ಫುಟ್‌ವಾಲ್ವು ಸೋರಿ ಪೈಪು ಖಾಲಿಯಾಗಿದ್ದರೆ ಮೊದಲು ನೀರು ತುಂಬಿಸಬೇಕು. ಆಮೇಲೆ ಪಂಪು ಎಳೆಯುತ್ತದೆ, ಪೈಪು ತುಂಬುತ್ತದೆ, ಕೊನೆಗೆ ಜೆಟ್ಟು ಸುತ್ತುತ್ತದೆ. ನೀರು ಬಾರದಿದ್ದರೆ ದೋಷ ಕರೆಂಟಿನಲ್ಲಿರಬಹುದು, ಮೋಟಾರಿನಲ್ಲಿರಬಹುದು, ವಾಲ್ವಿನಲ್ಲಿರಬಹುದು, ತುದಿಯ ಜೆಟ್ಟಿನಲ್ಲಿ ಕಸ ಸಿಕ್ಕಿರಲೂಬಹುದು.

ಕಂಪ್ಯೂಟರು ಏಳುವುದೂ ಹೀಗೆಯೇ ನಾಲ್ಕು ಹಂತಗಳಲ್ಲಿ.

ಮೊದಲನೆಯದು ವಿದ್ಯುತ್ತಿನ ಹಂತ. ಗೋಡೆಯಿಂದ ಬರುವ 230 ವೋಲ್ಟಿನ ಪ್ರವಾಹವನ್ನು ಒಳಗಿರುವ ಪವರ್ ಸಪ್ಲೈ ಪೆಟ್ಟಿಗೆಯು 12, 5 ಮತ್ತು 3.3 ವೋಲ್ಟಿನ ನೇರ ಪ್ರವಾಹವನ್ನಾಗಿ ಇಳಿಸಿಕೊಡುತ್ತದೆ. ಇದನ್ನು ಅಂಗಡಿಯವರು ಎಸ್‌ಎಂಪಿಎಸ್ ಎನ್ನುತ್ತಾರೆ.

ಎರಡನೆಯದು ಸ್ವಪರೀಕ್ಷೆಯ ಹಂತ. ಮುಖ್ಯ ಫಲಕವಾದ ಮದರ್‌ಬೋರ್ಡಿನ ಮೇಲಿನ ಒಂದು ಚಿಪ್ಪಿನಲ್ಲಿ ಬಯಾಸ್ ಎಂಬ ಸಣ್ಣ ಪ್ರೋಗ್ರಾಮು ಶಾಶ್ವತವಾಗಿ ಇರುತ್ತದೆ. ಅದು ಮೊದಲು ಎಚ್ಚೆತ್ತು ಪ್ರೊಸೆಸರು, ಮೆಮೊರಿ, ಪರದೆ, ಕೀಲಿಮಣೆ ಎಲ್ಲವೂ ಸರಿಯಿವೆಯೆ ಎಂದು ನೋಡುತ್ತದೆ. 1981ರಲ್ಲಿ ಐಬಿಎಂ ಕಂಪೆನಿ ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿಯೂ ಈ ಸ್ವಪರೀಕ್ಷೆ ಇತ್ತು, ಇಂದಿನ ಯಂತ್ರಗಳಲ್ಲಿಯೂ ಇದೆ.

ಮೂರನೆಯದು ಡಿಸ್ಕನ್ನು ಹುಡುಕುವ ಹಂತ. ಪರೀಕ್ಷೆ ಮುಗಿದ ಮೇಲೆ ಬಯಾಸು ವಿಂಡೋಸ್ ಎಲ್ಲಿದೆ ಎಂದು ಹುಡುಕಿ ಅದನ್ನು ಡಿಸ್ಕಿನಿಂದ ಮೆಮೊರಿಗೆ ತುಂಬುವ ಕೆಲಸ ಪ್ರಾರಂಭಿಸುತ್ತದೆ.

ನಾಲ್ಕನೆಯದು ವಿಂಡೋಸ್ ತಾನೇ ಎದ್ದು, ಪ್ರಿಂಟರು, ಇಂಟರ್‌ನೆಟ್ಟು ಮುಂತಾದವುಗಳ ಸಹಾಯಕ ಪ್ರೋಗ್ರಾಮುಗಳನ್ನು ಎಬ್ಬಿಸಿ, ನಮಗೆ ಪರಿಚಿತವಾದ ಪರದೆಯನ್ನು ತೋರಿಸುವ ಹಂತ.

ಸಣ್ಣ ಪ್ರೋಗ್ರಾಮು ಕೊಂಚ ದೊಡ್ಡದನ್ನು ಎಬ್ಬಿಸುತ್ತದೆ, ಅದು ಇನ್ನೂ ದೊಡ್ಡದನ್ನು. ಬೂಟ್ ಎಂಬ ಮಾತು ಬಂದದ್ದೂ ಇದರಿಂದಲೇ. ತನ್ನ ಬೂಟಿನ ಹಿಂಬದಿಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಎತ್ತಿಕೊಳ್ಳುವುದು ಎಂಬ ಇಂಗ್ಲಿಷ್ ನುಡಿಗಟ್ಟು ಅದರ ಮೂಲ. ಆದ್ದರಿಂದ ಯಂತ್ರ ಏಳದಿದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ "ಏನು ಕೆಟ್ಟಿದೆ?" ಎಂಬುದಲ್ಲ, "ಎಲ್ಲಿಯವರೆಗೆ ಬಂತು?" ಎಂಬುದು.

ಕೈ ಹಾಕುವ ಮೊದಲು ಪಾಲಿಸತಕ್ಕ ನಿಯಮಗಳು

1. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ತಂತಿ, ಮೆಮೊರಿ, ಬ್ಯಾಟರಿ ಮೂರನ್ನೂ ಒಟ್ಟಿಗೆ ಬದಲಿಸಿದರೆ, ಯಂತ್ರ ಎದ್ದರೂ ಯಾವುದರಿಂದ ಎದ್ದಿತು ಎಂಬುದು ತಿಳಿಯುವುದಿಲ್ಲ.

2. ಕಂಡದ್ದನ್ನು ಬರೆದಿಡಬೇಕು. ಪರದೆಯ ಮೇಲೆ ಬಂದ ಇಂಗ್ಲಿಷ್ ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಎಷ್ಟು ಸಲ ಬೀಪ್ ಶಬ್ದ ಬಂತು, ಯಾವ ದೀಪ ಉರಿಯಿತು ಎಂಬುದನ್ನು ಗುರುತು ಮಾಡಿಕೊಳ್ಳಿ.

3. ಪೆಟ್ಟಿಗೆ ತೆರೆಯುವ ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತಿರಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಬಳಿಕ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದರೆ ಫಲಕದಲ್ಲಿ ಉಳಿದಿರುವ ವಿದ್ಯುತ್ತು ಬಹುಪಾಲು ಇಳಿದುಹೋಗುತ್ತದೆ. ಒಳಗಿನ ಭಾಗಗಳನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಬೇಸಿಗೆಯ ಒಣ ಹವೆಯಲ್ಲಿ ನಮ್ಮ ಮೈಯ ಸ್ಥಾಯಿ ವಿದ್ಯುತ್ತು ಚಿಪ್ಪುಗಳನ್ನು ಕೆಡಿಸಬಲ್ಲದು.

4. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚತಕ್ಕದ್ದಲ್ಲ. ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಪ್ಲಗ್ಗು ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ಮೊದಲನೆಯ ಹಂತ: ದೀಪವಿಲ್ಲ, ಶಬ್ದವಿಲ್ಲ

ಗುಂಡಿ ಒತ್ತಿದರೆ ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲ ಎಂದಾದರೆ ಗೋಡೆಯಿಂದ ಪ್ರಾರಂಭಿಸಿ. ಸಾಕೆಟ್ಟಿನಲ್ಲಿ ಕರೆಂಟು ಇದೆಯೆ ಎಂದು ನೋಡಲು ಸಾಮಾನ್ಯವಾಗಿ ನಾವು ಮೊಬೈಲ್ ಚಾರ್ಜರು ಸಿಕ್ಕಿಸುತ್ತೇವೆ. ಈ ಪರೀಕ್ಷೆ ಅರ್ಧ ಮಾತ್ರ ಸರಿ. ಮೊಬೈಲ್ ಚಾರ್ಜರನ್ನು ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ಎಲ್ಲಿಯಾದರೂ ಕೆಲಸ ಮಾಡುವಂತೆ ರಚಿಸಿರುತ್ತಾರೆ. ಸುತ್ತಲಿನ ಪಂಪುಗಳೆಲ್ಲ ಓಡುವ ಹೊತ್ತಿನಲ್ಲಿ ಮನೆಯ ವೋಲ್ಟೇಜು 150ಕ್ಕೆ ಇಳಿದಿದ್ದರೂ ಮೊಬೈಲು ಚಾರ್ಜ್ ಆಗುತ್ತದೆ, ಎಲ್‌ಇಡಿ ಬಲ್ಬೂ ಉರಿಯಬಹುದು. ಕಂಪ್ಯೂಟರಿನ ಅನೇಕ ಪವರ್ ಸಪ್ಲೈಗಳು ಅಷ್ಟು ಕಡಿಮೆಯಲ್ಲಿ ಏಳುವುದಿಲ್ಲ. ಆದುದರಿಂದ ಸ್ಟೆಬಿಲೈಸರಿನ ಮುಳ್ಳನ್ನು ನೋಡಿ, ಇಲ್ಲವೇ ಮೇಲಿನ ಫ್ಯಾನು ಎಂದಿನ ವೇಗದಲ್ಲಿದೆಯೆ ಎಂದು ಗಮನಿಸಿ. ವೋಲ್ಟೇಜು ಕಡಿಮೆಯೆಂದು ಕಂಡರೆ ಯಂತ್ರ ಕೆಟ್ಟಿಲ್ಲ. ಪಂಪುಗಳು ನಿಂತ ಮೇಲೆ ಪ್ರಯತ್ನಿಸಿದರಾಯಿತು.

ಮುಂದಿನದು ಯುಪಿಎಸ್. ಅದರೊಳಗಿನ ಬ್ಯಾಟರಿ ಎರಡು ಮೂರು ವರ್ಷಗಳಲ್ಲಿ ಬಲಗುಂದುತ್ತದೆ. ಯುಪಿಎಸ್ಸನ್ನು ಬಿಟ್ಟು ಕಂಪ್ಯೂಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿ ನೋಡಿ. ಎದ್ದರೆ ದೋಷ ಯುಪಿಎಸ್ಸಿನದು. ಆ ಬಳಿಕ ತಂತಿ. ಪೆಟ್ಟಿಗೆಯ ಹಿಂಬದಿಗೆ ಹೋಗುವ ಮೂರು ತೂತಿನ ತಂತಿಯೇ ಅನೇಕ ಮಾನಿಟರುಗಳಿಗೂ ಇರುತ್ತದೆ. ಎರಡನ್ನೂ ಅದಲು ಬದಲು ಮಾಡಿ ನೋಡಬಹುದು. ಇಲಿ ಕಡಿದ ಗುರುತಿದ್ದ ತಂತಿಯನ್ನು ಟೇಪು ಸುತ್ತಿ ಬಳಸದೆ ಎಸೆದುಬಿಡಿ.

ಪೆಟ್ಟಿಗೆಯ ಹಿಂದೆ, ತಂತಿ ಸೇರುವಲ್ಲಿ, ಒಂದು ಚಿಕ್ಕ ಸ್ವಿಚ್ಚು ಇರುವುದುಂಟು. ಗುಡಿಸುವಾಗ, ಸರಿಸುವಾಗ ಅದು ಆರಿರಬಹುದು. ಕೆಲವು ಹಳೆಯ ಪವರ್ ಸಪ್ಲೈಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ಚೂ ಇರುತ್ತದೆ. ಅದು ನಮ್ಮಲ್ಲಿ ಯಾವಾಗಲೂ 230ರಲ್ಲಿಯೇ ಇರತಕ್ಕದ್ದು. ಕುತೂಹಲಕ್ಕೆ 115ಕ್ಕೆ ಸರಿಸಿ ಕರೆಂಟು ಕೊಟ್ಟರೆ ಪವರ್ ಸಪ್ಲೈ ಅಲ್ಲಿಗೇ ಸುಟ್ಟುಹೋಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಜೀವವಿಲ್ಲವಾದರೆ ಪವರ್ ಸಪ್ಲೈ ಹೋಗಿರುವ ಸಂಭವವೇ ಹೆಚ್ಚು. ಸುಟ್ಟ ವಾಸನೆ ಬಂದಿದ್ದರೆ ಅನುಮಾನವೇ ಬೇಡ. ಇದನ್ನು ಬದಲಿಸಬಹುದು. ಇಲ್ಲಿ ಒಂದು ಸಮಾಧಾನವಿದೆ: ಪವರ್ ಸಪ್ಲೈ ಮಾತ್ರ ಸತ್ತಿದ್ದರೆ ಡಿಸ್ಕಿನಲ್ಲಿರುವ ನಮ್ಮ ಲೆಕ್ಕ ಸಾಮಾನ್ಯವಾಗಿ ಇದ್ದ ಹಾಗೆಯೇ ಇರುತ್ತದೆ.

ಎರಡನೆಯ ಹಂತ: ಫ್ಯಾನು ತಿರುಗುತ್ತದೆ, ಪರದೆ ಕಪ್ಪು

ಇದು ಮೋಟಾರು ತಿರುಗಿ ನೀರು ಬಾರದ ಸ್ಥಿತಿ. ಮೊದಲು ಮಾನಿಟರನ್ನು ನೋಡಿ. ಅದರ ದೀಪ ಉರಿಯುತ್ತಿದೆಯೆ? ನೋ ಸಿಗ್ನಲ್ ಎಂಬ ಬರಹ ಬಂದರೆ ಮಾನಿಟರಿಗೆ ಜೀವವಿದೆ, ಪೆಟ್ಟಿಗೆಯಿಂದ ಚಿತ್ರ ಬರುತ್ತಿಲ್ಲ ಎಂದರ್ಥ. ತಂತಿಯನ್ನು ಎರಡೂ ತುದಿಗಳಲ್ಲಿ ಬಿಚ್ಚಿ ಗಟ್ಟಿಯಾಗಿ ಕೂರಿಸಿ.

ಬಳಿಕ ಪ್ರಿಂಟರು, ಸ್ಕ್ಯಾನರು, ಪೆನ್‌ಡ್ರೈವು ಮುಂತಾಗಿ ಹೊರಗಿನಿಂದ ಜೋಡಿಸಿರುವುದನ್ನೆಲ್ಲ ಕಿತ್ತು, ಕೀಲಿಮಣೆ ಮತ್ತು ಮಾನಿಟರು ಮಾತ್ರ ಉಳಿಸಿ ನೋಡಿ. ಒಂದು ಕೆಟ್ಟ ಪೆನ್‌ಡ್ರೈವು ಇಡೀ ಯಂತ್ರವನ್ನು ತಡೆದು ನಿಲ್ಲಿಸಬಲ್ಲದು.

ಬೀಪ್ ಶಬ್ದ ಬರುತ್ತಿದ್ದರೆ ಅದು ಬಯಾಸಿನ ಭಾಷೆ. ಪರದೆಗೆ ಬರೆಯಲಾಗದಿದ್ದಾಗ ಅದು ಕೂಗಿ ಹೇಳುತ್ತದೆ. ಯಾವ ಶಬ್ದಕ್ಕೆ ಯಾವ ಅರ್ಥ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಆದ್ದರಿಂದ ಎಣಿಸಿ ಬರೆದುಕೊಂಡು, ಮದರ್‌ಬೋರ್ಡಿನ ಕೈಪಿಡಿಯಲ್ಲಿ ನೋಡಬೇಕು.

ನಮ್ಮ ಮಲೆನಾಡಿನ ತೇವದಲ್ಲಿ ಈ ಹಂತದ ಅತಿ ಸಾಮಾನ್ಯ ಅಪರಾಧಿಗಳಲ್ಲೊಂದು ಮೆಮೊರಿ ಪಟ್ಟಿ. ಬೆರಳುದ್ದದ ಹಸಿರು ಅಥವಾ ಕಪ್ಪು ಪಟ್ಟಿಯಿದು, ಕೆಳ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳಿರುತ್ತವೆ. ತೇವ ಮತ್ತು ಧೂಳು ಸೇರಿ ಆ ಹಲ್ಲುಗಳ ಮೇಲೆ ಮಂಕು ಹಿಡಿದರೆ ಸಂಪರ್ಕ ತಪ್ಪುತ್ತದೆ. ಪ್ಲಗ್ಗು ಕಿತ್ತು, ಎರಡೂ ಬದಿಯ ಕ್ಲಿಪ್ಪುಗಳನ್ನು ಹೊರಕ್ಕೆ ತಳ್ಳಿದರೆ ಪಟ್ಟಿ ಮೇಲೇಳುತ್ತದೆ. ಚಿನ್ನದ ಹಲ್ಲುಗಳನ್ನು ಪೆನ್ಸಿಲಿನ ಮೆತ್ತಗಿನ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಪೆಟ್ಟಿಗೆಯಿಂದ ದೂರದಲ್ಲಿ ಕೊಡವಿ, ಒಣ ಬ್ರಷ್ಷಿನಿಂದ ಒರೆಸಿ. ಪಟ್ಟಿಯ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಅದು ಗೂಡಿನ ಉಬ್ಬಿಗೆ ಸರಿಹೊಂದುವ ಹಾಗೆ ಇಟ್ಟು, ಕ್ಲಿಪ್ಪು ಟಕ್ಕೆಂದು ಕೂರುವವರೆಗೆ ಒತ್ತಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಒಂದರಲ್ಲಿ ಎದ್ದು ಇನ್ನೊಂದರಲ್ಲಿ ಏಳದಿದ್ದರೆ ದೋಷಿ ಯಾವುದೆಂದು ಗೊತ್ತಾಯಿತು.

ಎದ್ದು ಕೆಲವೇ ನಿಮಿಷಗಳಲ್ಲಿ ತಾನಾಗಿ ಆರಿಹೋಗುವ ಯಂತ್ರವಾದರೆ ಬಿಸಿಯನ್ನು ಅನುಮಾನಿಸಿ. ಪ್ರೊಸೆಸರಿನ ಮೇಲಿನ ಫ್ಯಾನು ತಿರುಗುತ್ತಿದೆಯೆ, ಅದರ ಕೆಳಗಿನ ಲೋಹದ ಹಾಳೆಗಳ ನಡುವೆ ಧೂಳು ಕಂಬಳಿಯಂತೆ ಕಟ್ಟಿದೆಯೆ ನೋಡಿ. ಪ್ಲಗ್ಗು ಕಿತ್ತು, ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡು, ಬ್ರಷ್ಷಿನಿಂದ ತೆಗೆಯಿರಿ.

ಮೂರನೆಯ ಹಂತ: ಬರಹ ಬಂದು ನಿಲ್ಲುತ್ತದೆ

ಪರದೆಯ ಮೇಲೆ ಕಂಪೆನಿಯ ಗುರುತು ಬಂತು, ಬಳಿಕ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಂದು ನಿಂತಿತು ಎಂದರೆ ಸ್ವಪರೀಕ್ಷೆ ಬಹುಮಟ್ಟಿಗೆ ಪಾಸಾಗಿದೆ. ಬರಹವನ್ನು ಓದಿ.

ತಾರೀಖು ತಪ್ಪಾಗಿದೆ, ಎಫ್‌1 ಒತ್ತಿ ಎಂದು ಕೇಳುತ್ತಿದ್ದರೆ ಮದರ್‌ಬೋರ್ಡಿನ ಮೇಲಿನ ಗುಂಡು ಬ್ಯಾಟರಿ ಮುಗಿದಿರಬೇಕು. ಸಾಮಾನ್ಯವಾಗಿ ಇದು ಸಿ.ಆರ್. 2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ. ಕರೆಂಟು ಇಲ್ಲದಾಗಲೂ ಗಡಿಯಾರವನ್ನು ನಡೆಸುವುದು ಇದರ ಕೆಲಸ. ಇದು ಸತ್ತರೆ ಯಂತ್ರದ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಬ್ಯಾಂಕಿನ ಜಾಲತಾಣವೂ ತೆರೆಯುವುದಿಲ್ಲ. ಏಕೆಂದರೆ ಆ ತಾಣದ ಭದ್ರತಾ ಪ್ರಮಾಣಪತ್ರದ ಅವಧಿಯನ್ನು ಯಂತ್ರವು ತನ್ನ ತಾರೀಖಿನೊಂದಿಗೆ ತಾಳೆ ನೋಡುತ್ತದೆ. ಇಂಟರ್‌ನೆಟ್ಟು ಕೆಟ್ಟಿದೆ ಎಂದು ಪರದಾಡುವ ಅನೇಕರ ನಿಜವಾದ ತೊಂದರೆ ಈ ಸಣ್ಣ ಬ್ಯಾಟರಿಯೇ.

ನೋ ಬೂಟಬಲ್ ಡಿವೈಸ್ ಅಥವಾ ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್ ಎಂದು ಬಂದರೆ ಬಯಾಸಿಗೆ ವಿಂಡೋಸ್ ಸಿಗಲಿಲ್ಲ ಎಂದರ್ಥ. ಗಾಬರಿಯಾಗುವ ಮೊದಲು ಪೆನ್‌ಡ್ರೈವು ಸಿಕ್ಕಿಸಿಯೇ ಬಿಟ್ಟಿದ್ದೀರಾ ನೋಡಿ. ಯಂತ್ರವು ಅದರಲ್ಲಿ ವಿಂಡೋಸನ್ನು ಹುಡುಕುತ್ತಿರಬಹುದು. ಇಲ್ಲವಾದರೆ ಪ್ರಾರಂಭದಲ್ಲಿಯೇ ಡಿಲೀಟ್ ಅಥವಾ ಎಫ್‌2 ಕೀಲಿಯನ್ನು ಪದೇ ಪದೇ ಒತ್ತಿ ಬಯಾಸಿನ ಪಟ್ಟಿಗೆ ಹೋಗಿ, ಅಲ್ಲಿ ಡಿಸ್ಕಿನ ಹೆಸರು ಕಾಣುತ್ತಿದೆಯೆ ನೋಡಿ. ಅಲ್ಲಿ ಬೇರೇನನ್ನೂ ಬದಲಿಸಬೇಡಿ. ಹೆಸರು ಇಲ್ಲದಿದ್ದರೆ ಪ್ಲಗ್ಗು ಕಿತ್ತು, ಡಿಸ್ಕಿಗೆ ಹೋಗುವ ಎರಡು ತಂತಿಗಳನ್ನು ಬಿಚ್ಚಿ ಪುನಃ ಕೂರಿಸಿ.

ಇಲ್ಲಿ ಒಂದು ಶಬ್ದದ ಬಗ್ಗೆ ಎಚ್ಚರ. ತಿರುಗುವ ಹಾರ್ಡ್‌ಡಿಸ್ಕಿನಿಂದ ಟಿಕ್, ಟಿಕ್ ಎಂದು ಒಂದೇ ಸಮನೆ ಬಡಿತ ಕೇಳಿದರೆ ತಕ್ಷಣ ಯಂತ್ರ ಆರಿಸತಕ್ಕದ್ದು. ಆ ಡಿಸ್ಕಿನೊಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಕೂದಲೆಳೆಯ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಅದು ತಪ್ಪಿ ತಟ್ಟೆಯನ್ನು ಕೆರೆಯುತ್ತಿದ್ದರೆ, ನಾವು ಪ್ರತಿ ಸಲ ಗುಂಡಿ ಒತ್ತಿದಾಗಲೂ ನಮ್ಮ ಲೆಕ್ಕವೇ ಪುಡಿಯಾಗಿ ಉದುರುತ್ತಿರುತ್ತದೆ. ಇನ್ನೊಂದು ಸಲ ನೋಡೋಣ ಎನ್ನುವ ಆಸೆಯನ್ನು ಇಲ್ಲಿ ಬಿಡಬೇಕು. ಡಿಸ್ಕನ್ನು ಮನೆಯಲ್ಲಿ ತೆರೆಯಲೂಬಾರದು.

ನಾಲ್ಕನೆಯ ಹಂತ: ವಿಂಡೋಸ್ ಪ್ರಾರಂಭವಾಗಿ ನಿಲ್ಲುತ್ತದೆ

ಚುಕ್ಕೆಗಳು ಸುತ್ತುತ್ತಲೇ ಇವೆ, ಅಥವಾ ನೀಲಿ ಪರದೆ ಬಂದು ಪುನಃ ಮೊದಲಿನಿಂದ ಆರಂಭವಾಗುತ್ತದೆ ಎಂದಾದರೆ ಯಂತ್ರದ ಭಾಗಗಳಿಗಿಂತ ಹೆಚ್ಚಾಗಿ ಪ್ರೋಗ್ರಾಮಿನಲ್ಲಿ ತೊಡಕಿರುವ ಸಂಭವವಿದೆ. ಅಪ್‌ಡೇಟ್ ನಡೆಯುತ್ತಿದೆ ಎಂಬ ಬರಹವಿದ್ದರೆ ಮೊದಲು ಕಾಯಬೇಕು. ಹಳೆಯ ಯಂತ್ರದಲ್ಲಿ ಅದಕ್ಕೆ ಒಂದೆರಡು ಗಂಟೆ ಹಿಡಿಯಬಹುದು. ನಡುವೆ ಕರೆಂಟು ತೆಗೆದರೆ ಇಲ್ಲದ ದೋಷ ಹುಟ್ಟುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ, ಏಳುವ ಪ್ರಯತ್ನ ಎರಡು ಮೂರು ಬಾರಿ ಸೋತರೆ ದುರಸ್ತಿಯ ನೀಲಿ ಪರದೆ ತಾನಾಗಿಯೇ ಬರುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಬಳಿಕ ಅಡ್ವಾನ್ಸ್ಡ್ ಆಪ್ಷನ್ಸ್, ಬಳಿಕ ಸ್ಟಾರ್ಟಪ್ ಸೆಟಿಂಗ್ಸ್, ಬಳಿಕ ರೀಸ್ಟಾರ್ಟ್ ಎಂದು ಹೋಗಿ 4 ಒತ್ತಿದರೆ ಸೇಫ್ ಮೋಡ್ ತೆರೆಯುತ್ತದೆ. ಇದರಲ್ಲಿ ವಿಂಡೋಸ್ ಅತ್ಯಗತ್ಯವಾದ ಸಹಾಯಕರನ್ನು ಮಾತ್ರ ಜೊತೆಗಿಟ್ಟುಕೊಂಡು ಏಳುತ್ತದೆ. ಸೇಫ್ ಮೋಡಿನಲ್ಲಿ ಎದ್ದರೆ ಡಿಸ್ಕೂ ಮೆಮೊರಿಯೂ ಬಹುಮಟ್ಟಿಗೆ ಗಟ್ಟಿಯಿವೆ, ಇತ್ತೀಚೆಗೆ ಸೇರಿದ ಯಾವುದೋ ಪ್ರೋಗ್ರಾಮು ಅಡ್ಡ ನಿಂತಿದೆ ಎಂದು ತಿಳಿಯಬಹುದು. ಮೊದಲು ಲೆಕ್ಕಪತ್ರಗಳನ್ನು ಪೆನ್‌ಡ್ರೈವಿಗೆ ನಕಲಿಸಿಕೊಂಡು, ಆಮೇಲೆ ಆ ಪ್ರೋಗ್ರಾಮನ್ನು ತೆಗೆಯಿರಿ. ಅದೇ ಪಟ್ಟಿಯಲ್ಲಿ ಸಿಸ್ಟಮ್ ರಿಸ್ಟೋರ್ ಎಂಬುದೂ ಇದೆ. ಹಿಂದಿನ ಗುರುತು ಉಳಿದಿದ್ದರೆ ಅದು ವಿಂಡೋಸಿನ ವ್ಯವಸ್ಥೆಯನ್ನು ಮಾತ್ರ ಹಿಂದಿನ ದಿನಕ್ಕೆ ಒಯ್ಯುತ್ತದೆ, ನಮ್ಮ ಕಡತಗಳನ್ನು ಮುಟ್ಟುವುದಿಲ್ಲ.

ಇದಕ್ಕೆ ಲೋಕಪ್ರಸಿದ್ಧವಾದ ಒಂದು ನಿದರ್ಶನವಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪೆನಿಯ ದೋಷಪೂರಿತ ಅಪ್‌ಡೇಟಿನಿಂದ ಪ್ರಪಂಚದಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಮೈಕ್ರೋಸಾಫ್ಟ್ ಕೊಟ್ಟ ಅಂದಾಜಿನಂತೆ ಅವುಗಳ ಸಂಖ್ಯೆ 85 ಲಕ್ಷ. ನಮ್ಮ ದೇಶದಲ್ಲಿಯೂ ಕೆಲವು ವಿಮಾನ ಪ್ರಯಾಣಿಕರಿಗೆ ಆ ದಿನ ಕೈಬರಹದ ಬೋರ್ಡಿಂಗ್ ಪಾಸು ಕೊಡಲಾಯಿತು. ಅಷ್ಟೊಂದು ಯಂತ್ರಗಳಲ್ಲಿ ಯಾವ ಭಾಗವೂ ಸುಟ್ಟಿರಲಿಲ್ಲ. ಸೇಫ್ ಮೋಡಿನಲ್ಲಿ ಎಬ್ಬಿಸಿ ಒಂದು ಕಡತವನ್ನು ಅಳಿಸಿದರೆ ಯಂತ್ರ ಏಳುತ್ತಿತ್ತು. ಏಳದ ಯಂತ್ರವೆಲ್ಲ ಸತ್ತ ಯಂತ್ರವಲ್ಲ ಎಂಬುದು ಇದರಿಂದ ತಿಳಿಯಬೇಕಾದ ಪಾಠ.

ಫಾರ್ಮ್ಯಾಟ್ ಎಂಬ ಮಾತು ಬಂದಾಗ

ನಮ್ಮ ಸದಸ್ಯರೊಬ್ಬರ ಯಂತ್ರ ಕೊಯ್ಲಿನ ನಡುವೆ ಏಳದಾಯಿತು. ಪೇಟೆಯ ಒಂದು ಅಂಗಡಿಗೆ ಕೊಟ್ಟರು. ಸಂಜೆ ಅಂಗಡಿಯಿಂದ ಫೋನು ಬಂತು: "ಫಾರ್ಮ್ಯಾಟ್ ಮಾಡಬೇಕಾಗುತ್ತದೆ, ಮಾಡಲೇ?" ಕೊಯ್ಲಿನ ಗಡಿಬಿಡಿಯಲ್ಲಿ ಅವರು ಮಾಡಿ ಎಂದರು. ಮರುದಿನ ಯಂತ್ರ ಹೊಸದರಂತೆ ಬಂತು, ಚುರುಕಾಗಿಯೂ ಇತ್ತು. ಒಳಗೆ ಏನೂ ಇರಲಿಲ್ಲ. ಐದು ವರ್ಷಗಳ ಹಾಜರಿ, ಆಳುಗಳು ಪಡೆದ ಮುಂಗಡ, ತೀರಿಸಿದ ಬಾಬ್ತು ಎಲ್ಲವೂ ಹೋಗಿತ್ತು. ಆ ವಾರದ ಬಟವಾಡೆಯ ದಿನ ಅವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೆನಪಿನ ಮೇಲೆ ಲೆಕ್ಕ ಹೊಂದಿಸಬೇಕಾಯಿತು. ಬಹಳ ಮಂದಿಯ ನೆನಪು ಒಡೆಯರ ನೆನಪಿಗೆ ತಾಳೆಯಾಯಿತು. ಇಬ್ಬರದು ಆಗಲಿಲ್ಲ. ಇಬ್ಬರೂ ಹದಿನೈದು ವರ್ಷಗಳಿಂದ ಅದೇ ತೋಟದಲ್ಲಿ ದುಡಿದವರು. ಹೋದ ಹಣಕ್ಕಿಂತ ಅಂಗಳದಲ್ಲಿ ನಿಂತು ಆಡಬೇಕಾಗಿ ಬಂದ ಮಾತೇ ಅವರಿಗೆ ಹೆಚ್ಚು ಕಷ್ಟವಾಯಿತು.

ಆ ಡಿಸ್ಕು ಗಟ್ಟಿಯಾಗಿಯೇ ಇತ್ತು, ಕೆಟ್ಟಿದ್ದದ್ದು ವಿಂಡೋಸ್ ಮಾತ್ರ. ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿದ್ದರೆ ಲೆಕ್ಕವೆಲ್ಲ ಹೊರಗೆ ಬರುತ್ತಿತ್ತು. ಹಾಗೆ ಮಾಡಿ ಎಂದು ಹೇಳಬೇಕೆಂದು ಮಾಲೀಕರಿಗೆ ಗೊತ್ತಿರಲಿಲ್ಲ, ಅಂಗಡಿಯವರೂ ಕೇಳಲಿಲ್ಲ.

ಆದುದರಿಂದ ಯಂತ್ರವನ್ನು ಯಾರ ಕೈಗೆ ಕೊಡುವಾಗಲೂ ಒಂದು ಚೀಟಿಯಲ್ಲಿ ಹೀಗೆ ಬರೆದು ಪೆಟ್ಟಿಗೆಗೆ ಅಂಟಿಸಿ: "ಒಳಗಿನ ಕಡತಗಳನ್ನು ಮೊದಲು ನಕಲು ತೆಗೆದು ಮಾಲೀಕರಿಗೆ ತೋರಿಸಬೇಕು. ಅವರು ನೋಡಿ ಒಪ್ಪುವ ಮೊದಲು ಫಾರ್ಮ್ಯಾಟ್ ಮಾಡಬಾರದು." ನಕಲು ತೆಗೆಯಲು ಎರಡು ವಿಧಾನಗಳಿವೆ. ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸುವುದು ಒಂದು. ಪೆನ್‌ಡ್ರೈವಿನಲ್ಲಿ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ತುಂಬಿ, ಅದರಿಂದ ಯಂತ್ರವನ್ನು ಎಬ್ಬಿಸಿ ಕಡತಗಳನ್ನು ಹೊರತೆಗೆಯುವುದು ಇನ್ನೊಂದು. ತಿಳಿದ ಅಂಗಡಿಯವರಿಗೆ ಎರಡೂ ಗೊತ್ತಿರುತ್ತವೆ.

ವಿಂಡೋಸಿನದೇ ರೀಸೆಟ್ ದಿಸ್ ಪಿಸಿ ಎಂಬ ಆಯ್ಕೆಯಲ್ಲಿ ಕೀಪ್ ಮೈ ಫೈಲ್ಸ್ ಮತ್ತು ರಿಮೂವ್ ಎವೆರಿಥಿಂಗ್ ಎಂಬ ಎರಡು ಬಾಗಿಲುಗಳಿವೆ. ಎರಡನೆಯದು ಎಲ್ಲವನ್ನೂ ಅಳಿಸುತ್ತದೆ. ಮೊದಲನೆಯದು ಕೂಡ ನಾವು ಸೇರಿಸಿದ ಪ್ರೋಗ್ರಾಮುಗಳನ್ನು ತೆಗೆದುಹಾಕುತ್ತದೆ. ಲೆಕ್ಕದ ಪ್ರೋಗ್ರಾಮು ತನ್ನ ಮಾಹಿತಿಯನ್ನು ತನ್ನದೇ ಫೋಲ್ಡರಿನಲ್ಲಿ ಇಟ್ಟಿದ್ದರೆ ಅದು ಉಳಿಯುತ್ತದೆಂದು ನಂಬುವಂತಿಲ್ಲ. ನಕಲು ಇಲ್ಲದೆ ಎರಡೂ ಬಾಗಿಲುಗಳನ್ನು ತಟ್ಟಬೇಡಿ.

ಇನ್ನೊಂದು ಮುಖ್ಯ ವಿಷಯ. ಈಚಿನ ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿರುತ್ತದೆ. ಮದರ್‌ಬೋರ್ಡು ಬದಲಿಸಿದಾಗ, ಬಯಾಸಿನಲ್ಲಿ ಏನಾದರೂ ಬದಲಾದಾಗ, ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದಾಗ ಅದು 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಸಾಮಾನ್ಯವಾಗಿ ಯಂತ್ರಕ್ಕೆ ಜೋಡಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಖಾತೆ ಬೆಂಗಳೂರಿನಲ್ಲಿರುವ ಮಗನ ಹೆಸರಿನಲ್ಲಿದ್ದರೆ ಮಗನನ್ನೇ ಕೇಳಬೇಕು. ಯಂತ್ರ ಸರಿಯಿರುವಾಗಲೇ ಆ 48 ಅಂಕಿಗಳನ್ನು ಕಾಗದದಲ್ಲಿ ಬರೆದು ಪಹಣಿ, ಖಾತೆ ಪತ್ರಗಳ ಜೊತೆಗೆ ಇಟ್ಟುಕೊಳ್ಳಿ. ಕೀಲಿಯಿಲ್ಲದಿದ್ದರೆ ಯಾವ ಅಂಗಡಿಯವರೂ ಅದನ್ನು ತೆರೆಯಲಾರರು.

ನಮ್ಮ ಸೀಮೆಗೆ ಬೇಕಾದ ಮುನ್ನೆಚ್ಚರಿಕೆ

ಮುಂಗಾರಿನ ಮುಂಚಿನ ಗುಡುಗು ಮಳೆಯಲ್ಲಿ ಸ್ವಿಚ್ಚು ಆರಿಸುವುದು ಸಾಲದು, ಪ್ಲಗ್ಗನ್ನೇ ಕೀಳಬೇಕು. ಇಂಟರ್‌ನೆಟ್ಟಿನ ತಂತಿಯನ್ನೂ ಬಿಚ್ಚಬೇಕು. ಸಿಡಿಲಿನ ಹೊಡೆತ ತಾಮ್ರದ ತಂತಿಯ ಮೂಲಕವೂ ಒಳಬರುತ್ತದೆ. ಮಿಂಚು ಕಣ್ಣಿಗೆ ಬೀಳುವ ಮೊದಲೇ, ಗುಡುಗು ದೂರದಲ್ಲಿರುವಾಗಲೇ ಈ ಕೆಲಸ ಮುಗಿದಿರಬೇಕು.

ಮಳೆಗಾಲದಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಒಂದು ಗಂಟೆ ಓಡಿಸುವುದು ಒಳ್ಳೆಯದು. ಅದರ ಬಿಸಿಯೇ ಒಳಗಿನ ತೇವವನ್ನು ಒಣಗಿಸುತ್ತದೆ. ಪೆಟ್ಟಿಗೆಯನ್ನು ನೆಲದ ಮೇಲಾಗಲಿ ಹೊರಗೋಡೆಗೆ ತಾಗಿಸಿಯಾಗಲಿ ಇಡಬೇಡಿ. ಹಿಂಬದಿಯ ಖಾಲಿ ಕಿಂಡಿಗಳನ್ನು ಮುಚ್ಚಳದಿಂದ ಮುಚ್ಚಿ. ಹಲ್ಲಿ, ಇರುವೆಗಳು ಬೆಚ್ಚಗಿನ ಜಾಗವನ್ನು ಹುಡುಕಿಕೊಂಡು ಅಲ್ಲಿಂದಲೇ ಹೋಗುತ್ತವೆ. ಸಾಕೆಟ್ಟಿನ ಅರ್ಥಿಂಗ್ ಸರಿಯಿದೆಯೆ ಎಂದು ವರ್ಷಕ್ಕೊಮ್ಮೆ ವೈರ್‌ಮನ್ನರಿಂದ ನೋಡಿಸಿ. ಪೆಟ್ಟಿಗೆ ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಇಲ್ಲವೆಂದೇ ತಿಳಿಯಿರಿ.

ಲ್ಯಾಪ್‌ಟಾಪು ಇರುವವರಿಗೆ ಎರಡು ಮಾತು. ಏಳದಿದ್ದರೆ ಚಾರ್ಜರು ಕಿತ್ತು, ಬ್ಯಾಟರಿ ಬಿಚ್ಚಿ ಬರುವಂಥದಾದರೆ ಬಿಚ್ಚಿ, ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದು, ಬಳಿಕ ಚಾರ್ಜರು ಮಾತ್ರ ಜೋಡಿಸಿ ನೋಡಿ. ಬ್ಯಾಟರಿ ಉಬ್ಬಿ ಕೀಲಿಮಣೆಯನ್ನು ಮೇಲೆತ್ತಿದ್ದರೆ ಚಾರ್ಜು ಹಾಕಲೇಬಾರದು. ಅಂಥ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವಿದೆ.

ನೆನಪಿಡತಕ್ಕ ಸಾರಾಂಶ

ದೀಪವಿಲ್ಲ, ಶಬ್ದವಿಲ್ಲ: ವೋಲ್ಟೇಜು, ಯುಪಿಎಸ್, ತಂತಿ, ಪವರ್ ಸಪ್ಲೈ.

ಫ್ಯಾನು ಇದೆ, ಚಿತ್ರವಿಲ್ಲ: ಮಾನಿಟರಿನ ತಂತಿ, ಹೊರಗಿನ ಉಪಕರಣ, ಮೆಮೊರಿ ಪಟ್ಟಿ.

ಎದ್ದು ಆರುತ್ತದೆ: ಫ್ಯಾನು, ಧೂಳು, ಬಿಸಿ.

ತಾರೀಖು ತಪ್ಪುತ್ತದೆ: ನಾಣ್ಯದ ಬ್ಯಾಟರಿ.

ಡಿಸ್ಕು ಕಾಣುವುದಿಲ್ಲ: ಪೆನ್‌ಡ್ರೈವು, ಡಿಸ್ಕಿನ ತಂತಿ. ಟಿಕ್ ಟಿಕ್ ಬಡಿತವಿದ್ದರೆ ಕೂಡಲೇ ಆರಿಸುವುದು.

ವಿಂಡೋಸ್ ಸುತ್ತುತ್ತದೆ: ಕಾಯುವುದು, ಸೇಫ್ ಮೋಡ್, ಮೊದಲು ನಕಲು.

ಮನೆಗೆಲಸ

ಪಾಠ ಓದಿ ಬದಿಗಿಟ್ಟರೆ ಪ್ರಯೋಜನವಿಲ್ಲ. ಈ ವಾರ ಯಂತ್ರ ಸರಿಯಾಗಿ ಏಳುತ್ತಿರುವಾಗಲೇ ಮೂರು ಕೆಲಸ ಮಾಡಿ. ಲೆಕ್ಕಪತ್ರಗಳು ಯಾವ ಫೋಲ್ಡರಿನಲ್ಲಿವೆ ಎಂದು ಮನೆಯ ಇನ್ನೊಬ್ಬರಿಗೂ ತೋರಿಸಿಕೊಡಿ. ಅವುಗಳ ಒಂದು ನಕಲನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದು, ಡಿಸ್ಕನ್ನು ಯಂತ್ರದಿಂದ ಬಿಚ್ಚಿ ಕಪಾಟಿನಲ್ಲಿಡಿ. ಇನ್ನೊಂದು ನಕಲನ್ನು ಮನೆಯಿಂದ ಹೊರಗೆ, ನೆಂಟರಲ್ಲಾಗಲಿ ಇಂಟರ್‌ನೆಟ್ಟಿನ ಖಾತೆಯಲ್ಲಾಗಲಿ ಇರಿಸಿ. ಬಟವಾಡೆಯ ದಿನ ಆಳುಗಳ ಮುಂಗಡದ ಪಟ್ಟಿಯನ್ನು ಒಂದು ಹಾಳೆಯಲ್ಲಿ ಮುದ್ರಿಸಿಟ್ಟುಕೊಳ್ಳುವ ರೂಢಿಯನ್ನೂ ಮಾಡಿಕೊಳ್ಳಿ.

ಬಿತ್ತನೆಗೆ ಆರಿಸಿದ ಅಡಿಕೆಗೋಟನ್ನು ನಾವು ಮಾರುವ ರಾಶಿಗೆ ಸೇರಿಸದೆ ಬೇರೆಯೇ ಇಡುತ್ತೇವೆ. ಲೆಕ್ಕದ ನಕಲೂ ಹಾಗೆಯೇ ಬೇರೆ ಇರಬೇಕು. ಅದೊಂದು ಕೈಯಲ್ಲಿದ್ದರೆ, ಯಂತ್ರ ಏಳದ ಬೆಳಿಗ್ಗೆ ನಾವು ಗಾಬರಿಯಿಲ್ಲದೆ ಗೋಡೆಯ ಸಾಕೆಟ್ಟಿನಿಂದ ನೋಡಲು ಪ್ರಾರಂಭಿಸಬಹುದು.